ಮಾವ ತರಿಸಿದ ಎರಡು ಸೀಟಿನ ಕಾರು

ಮಾವ ತೀರಿಕೊಂಡು ತಿಂಗಳು ತುಂಬುವ ಮೊದಲೇ ಅವರ ಹೆಸರಿಗೆ ನಾಲ್ಕು ದೊಡ್ಡ ಮರದ ಪೆಟ್ಟಿಗೆಗಳು ಬಂದವು. ಹೊನ್ನಾಳಿಯ ಅವರ ಮನೆಯ ಮುಂದೆ ಲಾರಿ ನಿಂತಿತು. ಡ್ರೈವರು ಚೀಟಿ ಹಿಡಿದು ಬಾಗಿಲಿಗೆ ಬಂದು, ಯಜಮಾನರ ಸಹಿ ಬೇಕು ಅಂದ. "ಅವರಿಲ್ಲ" ಅಂದಳಂತೆ ನನ್ನ ಅತ್ತೆ. "ಎಷ್ಟೊತ್ತಿಗೆ ಬರ್ತಾರ್ರೀ? ಕಾಯ್ತೀನಿ" ಅಂದನಂತೆ ಅವನು. ಅತ್ತೆ ಚೀಟಿ ಇಸಿದುಕೊಂಡು ತಾನೇ ಸಹಿ ಹಾಕಿದಳು.

ಅತ್ತೆ ಅಪ್ಪನ ಒಬ್ಬಳೇ ತಂಗಿ. ಮಾವ ಹೊನ್ನಾಳಿಯಲ್ಲಿ ಸಣ್ಣದೊಂದು ಪ್ರೆಸ್ಸು ಇಟ್ಟುಕೊಂಡು ಲಗ್ನಪತ್ರಿಕೆ, ರಸೀದಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಮಕ್ಕಳಿರಲಿಲ್ಲ. ಕಾಮಾಲೆ ಹತ್ತಿ ಹನ್ನೊಂದೇ ದಿನಕ್ಕೆ ಹೋಗಿಬಿಟ್ಟರು. ಬಲು ಕಡಿಮೆ ಮಾತಿನವರು. ಊಟಕ್ಕೆ ಕೂತರೆ ಸಾರು ಚೆನ್ನಾಗಿದೆ ಅನ್ನುವುದನ್ನೂ ತಲೆಯಾಡಿಸಿಯೇ ಹೇಳುವವರು. ಅಂಥವರು ಎಂಟು ತಿಂಗಳು ಮುಂಚೆ ಬೊಂಬಾಯಿಗೆ ಪತ್ರ ಬರೆದು ಒಂದು ಕಾರನ್ನು ತುಂಡು ತುಂಡಾಗಿ ತರಿಸಿಕೊಳ್ಳುವ ಏರ್ಪಾಡು ಮಾಡಿದ್ದರು ಅನ್ನುವುದು ಅತ್ತೆಗೂ ಗೊತ್ತಿರಲಿಲ್ಲ.

ಅತ್ತೆಯ ಕಾರ್ಡು ಜಗಳೂರಿಗೆ ಬಂತು. ಅಪ್ಪ ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ನಾನು ಆಗ ಟಿಸಿಎಚ್ ಮುಗಿಸಿ ಟೀಚರ್ ಕೆಲಸಕ್ಕೆ ಕಾಯುತ್ತಾ ಮನೆಯಲ್ಲಿದ್ದೆ, ವಯಸ್ಸು ಇಪ್ಪತ್ತೊಂದು. ಅಪ್ಪನೂ ನಾನೂ ಬಸ್ಸು ಹಿಡಿದು ಹೋದೆವು. ಪೆಟ್ಟಿಗೆಗಳು ಪಡಸಾಲೆ ತುಂಬ ಇದ್ದವು, ಅವುಗಳ ಸಂದಿಯಲ್ಲಿ ಅತ್ತೆ ಅಡುಗೆಮನೆಗೆ ಓಡಾಡುತ್ತಿದ್ದಳು. ಅಪ್ಪ ಮೊಳೆ ಕಿತ್ತು ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದ. ಒಳಗೆ ಹುಲ್ಲು. ಹುಲ್ಲು ಸರಿಸಿದಂತೆ ಬೆಳ್ಳನೆಯ ಒಂದು ಬಾಗು ಕಾಣಿಸಿತು. ಇನ್ನಷ್ಟು ಸರಿಸಿದರೆ ಇನ್ನಷ್ಟು ಬಾಗು. ಎಲ್ಲಿಯೂ ಮೂಲೆಯಿಲ್ಲ, ಕೂಡಿಸಿದ ಗುರುತಿಲ್ಲ. ಕಿಟಕಿಯಿಂದ ಬಂದ ಬಿಸಿಲು ಅದರ ಮೇಲೆ ಬಿದ್ದು ಸೂರಿನ ತೊಲೆಗಳ ಮೇಲೆ ಹಾಲು ಚೆಲ್ಲಿದ ಹಾಗೆ ಹರಡಿತು. ಅತ್ತೆ ಕೈಚಾಚಿ ಬೆರಳ ತುದಿಯಿಂದ ಅದನ್ನು ಮುಟ್ಟಿ, "ತಣ್ಣಗೈತೆ" ಅಂದಳು.

ಅದು ಫೈಬರಿನ ಬಾಡಿ. ಇಂಗ್ಲೆಂಡಿನ ಯಾವುದೋ ಹಳೆಯ ಓಟದ ಕಾರಿನ ಪಡಿಯಚ್ಚು. ಸೂರಿಲ್ಲ, ಉದ್ದನೆಯ ಮೂತಿ, ಎರಡೇ ಸೀಟು. ಯಾವುದಾದರೂ ಹಳೆಯ ಕಾರಿನ ಮೇಲುಭಾಗ ತೆಗೆದು, ಅದರ ಚಾಸಿ ಮತ್ತು ಎಂಜಿನ್ನಿನ ಮೇಲೆ ಇದನ್ನು ಕೂರಿಸಿಕೊಳ್ಳಬೇಕು. ಮಾವನ ಬಳಿ ಅವರ ತಂದೆಯ ಕಾಲದ ಕಪ್ಪು ಕಾರೊಂದಿತ್ತು, ಪ್ರೆಸ್ಸಿನ ಹಿಂದಿನ ಶೆಡ್ಡಿನಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವು. ಮಾವ ಅದನ್ನು ಗುಜರಿಗೆ ಯಾಕೆ ಹಾಕಿರಲಿಲ್ಲ ಅನ್ನುವುದು ಈಗ ತಿಳಿಯಿತು.

ಪೆಟ್ಟಿಗೆಯಲ್ಲಿ ಅವರು ತುಂಬಿ ಕಳಿಸಿದ್ದ ಅರ್ಜಿಯ ನಕಲೂ ಇತ್ತು. ನಾನು ಓದಿ ಹೇಳಿದೆ. ಹೆಸರು, ವಿಳಾಸ, ಕಾರಿನ ವಿವರ, ಎಲ್ಲವೂ ಅವರ ಮುತ್ತಿನಂಥ ಅಕ್ಷರದಲ್ಲಿ. ಯಾವ ಬಣ್ಣ ಬೇಕು ಅನ್ನುವ ಕಡೆ ಬರೆದಿದ್ದರು: ಹೆಂಡತಿಯನ್ನು ಕೇಳಿ ತಿಳಿಸುತ್ತೇನೆ.

ಅತ್ತೆ ಆ ಕಾಗದವನ್ನು ನನ್ನ ಕೈಯಿಂದ ತಗೊಂಡು ನೋಡಿದಳು. ಅವಳಿಗೆ ಇಂಗ್ಲಿಷ್ ಬಾರದು. ಆದರೂ ಬಹಳ ಹೊತ್ತು ನೋಡಿದಳು.

"ಕೇಳಲೇ ಇಲ್ಲ ನೋಡು" ಅಂದಳು.

ಅಪ್ಪ ಪೆಟ್ಟಿಗೆಗಳನ್ನು ವಾಪಸು ಕಳಿಸಿಬಿಡೋಣ ಅಂತ ಶುರುಮಾಡಿದ. "ನಮಗ್ಯಾಕೆ ತಂಗೆವ್ವ ಇದೆಲ್ಲ, ನಾನು ಕಾಗದ ಬರೆಸ್ತೀನಿ, ಅವರು ತಗೊಂಡು ಹೋಗ್ತಾರೆ."

"ಬ್ಯಾಡ ಅಣ್ಣ. ಕಟ್ಟೋಣ. ಅವರು ಏನು ನೋಡಾಕೆ ಆಸೆಪಟ್ಟಿದ್ರೋ ಅದನ್ನ ನಾನೂ ನೋಡ್ತೀನಿ."

ಅಪ್ಪ ತನ್ನ ತಂಗಿಯ ಮುಖ ನೋಡಿದ. ಗಂಡ ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಬಂದವರೆಲ್ಲ ಅತ್ತರೆ, ಅವಳೇ ಅವರಿಗೆಲ್ಲ ನೀರು ಕೊಟ್ಟು ಕಳಿಸಿದ್ದಳು. ಅದು ಅಪ್ಪನನ್ನು ಒಳಗೊಳಗೇ ಹೆದರಿಸಿತ್ತು. "ಹಂಗಾದ್ರೆ ಕಟ್ಟೋಣ ಬಿಡು" ಅಂದ.

ಪ್ರೆಸ್ಸಿಗೆ ಬೀಗ ಹಾಕಿ, ಪೆಟ್ಟಿಗೆಗಳನ್ನೂ ಕಪ್ಪು ಕಾರನ್ನೂ ಒಂದು ಲಾರಿಗೆ ಏರಿಸಿ, ಅತ್ತೆ ಜಗಳೂರಿಗೆ ಬಂದಳು. ನಮ್ಮ ಮನೆಯ ಹಿಂದೆ ಬೇವಿನ ಮರದ ಕೆಳಗೆ ಅಪ್ಪ ಪಂಪುಗಳನ್ನು ಬಿಚ್ಚಿ ಹರಡಿಕೊಳ್ಳುತ್ತಿದ್ದ ಜಾಗವಿತ್ತು. ಅದನ್ನು ಗುಡಿಸಿ ನಾಲ್ಕು ತೆಂಗಿನಗರಿ ಹೊದಿಸಿ ಚಪ್ಪರ ಮಾಡಿದೆವು. ಹೆಂಗಸರಿಬ್ಬರು ಮೂವರು ಅವ್ವನ ಹತ್ತಿರ ಬಂದು, ಗಂಡನ್ನ ಕಳಕೊಂಡವಳು ಕಾರು ಕಟ್ತಾಳಂತಲ್ಲ ಅಂತ ರಾಗ ಎಳೆದರು. ಅವ್ವ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಹೂಂ ಕಣ್ರೀ, ನಾವೂ ಕಟ್ತೀವಿ. ನೀವೂ ಬರ್ರಿ, ಪಾನಾ ಹಿಡಿದು ನಟ್ಟು ತಿರುವಾಕೆ ಒಂದು ಕೈ ಕಮ್ಮಿ ಐತೆ" ಅಂದಳು. ಅವರು ಮತ್ತೆ ಆ ಮಾತಿಗೆ ಬರಲಿಲ್ಲ.

ಅದಾದ ಮೇಲಿನ ಎರಡು ವರ್ಷ ನನಗೆ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಿದೆ. ಜಗಳೂರಿನ ಆ ಬಿಸಿಲು, ಆಷಾಢದ ಗಾಳಿ, ಬೇವಿನ ಹೂವು ಉದುರಿ ಬೆಳ್ಳಗಿನ ಬಾಡಿಯ ಮೇಲೆ ಅಂಟಿಕೊಳ್ಳುವುದು. ರಸ್ತೆಯಲ್ಲಿ ಕುರಿಮಂದೆ ಹೋದರೆ ಕೆಂಪು ಧೂಳೆದ್ದು ಮರ, ಮನೆ, ಮನುಷ್ಯರು ಎಲ್ಲ ಅಳಿಸಿಹೋಗಿ, ಧೂಳು ಕೂತಾಗ ಮೊದಲು ಕಾಣಿಸುತ್ತಿದ್ದುದು ಆ ಕಾರಿನ ಮೂತಿ. ಯಾವುದೋ ದೊಡ್ಡ ಮೀನು ಉಸಿರಾಡಲು ಮೇಲೆ ಬಂದಂತೆ. ಒಮ್ಮೊಮ್ಮೆ ಒಂದೆರಡು ಕುರಿ ಮಂದೆ ಬಿಟ್ಟು ಬಂದು ಅದನ್ನು ಮೂಸಿ ನೋಡಿ, ನಿರಾಸೆಯಿಂದ ನಿಂತಿರುತ್ತಿದ್ದವು.

ಕೆಲಸಗಳು ಹಂಚಿಹೋಗಿದ್ದವು. ಎಂಜಿನ್ನು, ಚಾಸಿ ಅಪ್ಪನದು. ಸೀಟು, ಮೇಲಿನ ಹೊದಿಕೆ ಅವ್ವನದು. ಫೈಬರಿನ ಕೆಲಸಕ್ಕೆ ಅತ್ತೆ ಕೈಹಾಕಿದಳು. ನನಗೆ ಸಿಕ್ಕಿದ್ದು ಪುಸ್ತಕ. ಕಾರು ಜೋಡಿಸುವುದನ್ನು ಹಂತ ಹಂತವಾಗಿ ಹೇಳುವ ನಲವತ್ತು ಪುಟದ ಇಂಗ್ಲಿಷ್ ಪುಸ್ತಕ. ಮನೆಯಲ್ಲಿ ಇಂಗ್ಲಿಷ್ ಓದಿದವಳು ನಾನೊಬ್ಬಳೇ. ಬೆಳಿಗ್ಗೆ ಒಂದು ಪುಟ ಓದಿ, ಡಿಕ್ಷನರಿ ನೋಡಿ, ಕನ್ನಡದಲ್ಲಿ ನೋಟುಬುಕ್ಕಿಗೆ ಇಳಿಸಿ, ಅಪ್ಪನಿಗೆ ಓದಿ ಹೇಳಬೇಕು. ಅಪ್ಪ ಕಣ್ಣುಮುಚ್ಚಿ ಕೇಳುತ್ತಿದ್ದ, ಪುರಾಣ ಕೇಳುವ ಹಾಗೆ.

ಆ ಪುಸ್ತಕ ಬರೆದವನಿಗೆ ಜಗಳೂರಿನ ಬಿಸಿಲು ಗೊತ್ತಿರಲಿಲ್ಲ. ಫೈಬರ್ ಅಂಟಿಸುವ ರಾಳಕ್ಕೆ ಗಟ್ಟಿಯಾಗುವ ಔಷಧ ಬೆರೆಸಿದ ಮೇಲೆ ಇಪ್ಪತ್ತು ನಿಮಿಷ ಸಮಯವಿರುತ್ತದೆ ಅಂತ ಬರೆದಿತ್ತು. ಅತ್ತೆ ಮೊದಲ ಸಲ ಒಂದು ಮಗ್ಗಿನಲ್ಲಿ ಬೆರೆಸಿ ಬ್ರಷ್ಷು ಅದ್ದಿ ಎತ್ತುವಷ್ಟರಲ್ಲಿ, ರಾಳ ಗಟ್ಟಿಯಾಗಿ ಬ್ರಷ್ಷಿನ ಜೊತೆ ಮಗ್ಗೂ ಮೇಲೆ ಬಂತು. ಆಮೇಲೆ ಅವಳು ಬೆಳಗಿನ ಜಾವ ಕೋಳಿ ಕೂಗುವ ಹೊತ್ತಿಗೆ ಎದ್ದು, ಬಿಸಿಲು ಏರುವ ಮೊದಲು ಕೆಲಸ ಮುಗಿಸುವುದನ್ನು ಕಲಿತಳು. ಮಾಗಿದ ಬಾಳೆಹಣ್ಣಿನಂಥ ಒಂದು ವಾಸನೆ ಮನೆಯೆಲ್ಲ ಹಬ್ಬುತ್ತಿತ್ತು, ನನಗೆ ಅದರಲ್ಲೇ ಎಚ್ಚರವಾಗುತ್ತಿತ್ತು. ಫೈಬರಿನ ಗಾಜಿನ ನಾರು ಚುಚ್ಚಿ ಅತ್ತೆಯ ಕೈ ಮೊಣಕೈವರೆಗೂ ನವೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ, "ನಿನ್ನ ಕೈ ನೋಡಿದ್ರೆ ಸಾಣೆಕಲ್ಲು ಆದಂಗೈತಲ್ಲೇ" ಅನ್ನುತ್ತಿದ್ದಳು.

ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಸ್ಟೀರಿಂಗ್ ಬರುವ ಕಡೆ ಮುಂದಿನ ಹಲಗೆಯಲ್ಲಿ ದುಂಡಗೆ ತೂತು ಕೊರೆಯಬೇಕಿತ್ತು. ಚಿತ್ರವನ್ನು ಎದುರಿನಿಂದ ಬರೆದಿದ್ದರು, ನಾನು ಒಳಗಿನಿಂದ ಬರೆದದ್ದು ಅಂತ ತಿಳಿದು ಎಡಗಡೆ ಅಂದೆ. ಅಪ್ಪ ನನ್ನ ಮಾತು ನಂಬಿ ಕೊರೆದ. ತೂತು ಪೂರ್ತಿಯಾದ ಮೇಲೆ, ಅದರೊಳಗೆ ಕೈ ಹಾಕಿ ನಿಂತವನು ಚಾಸಿಯ ಬಲಗಡೆ ಇದ್ದ ಸ್ಟೀರಿಂಗಿನ ದಂಡ ನೋಡಿದ. ಬೈಯಲಿಲ್ಲ. ಕೈತೊಳೆದುಕೊಂಡು ಪೇಟೆಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ನಾನು ಪುಸ್ತಕ ಅತ್ತೆಯ ಮುಂದಿಟ್ಟು, ಇನ್ನು ನಾನು ಓದುವುದಿಲ್ಲ ಅಂತ ಕಣ್ಣೀರು ಹಾಕಿದೆ.

ಅತ್ತೆ ಆ ತೂತಿನ ಅಂಚು ಸವರಿ ನೋಡಿದಳು. "ಇಷ್ಟೇ ತಾನೆ? ಮುಚ್ಚಾಕೆ ಬರ್ತೈತೆ. ನಿಮ್ಮ ಮಾವ ಒಂದು ಸಲ ಲಗ್ನಪತ್ರಿಕೇಲಿ ಮದುಮಗನ ಹೆಸರು ಇರೋ ಜಾಗಕ್ಕೆ ಅವರಪ್ಪನ ಹೆಸರು ಅಚ್ಚು ಹಾಕಿದ್ರು. ಐನೂರೂ. ಆಮ್ಯಾಲೆ ಏನ್ಮಾಡಿದ್ರು, ಸಾಯಂಕಾಲದ ತನಕ ಕೂತು ಇನ್ನೊಂದ್ಸಲ ಹಾಕಿದ್ರು."

ಜಗಳೂರಿಗೆ ಬಂದ ಮೇಲೆ ಮಾವನ ವಿಷಯ ಅವಳು ತಾನಾಗಿ ಎತ್ತಿದ್ದು ಅದೇ ಮೊದಲು. ಮಾರನೇ ದಿನ ಬೆಳಗಿನ ಜಾವ ತೂತಿಗೆ ನಾಲ್ಕು ಪದರ ಫೈಬರ್ ಕೂರಿಸಿ, ಒಣಗಿದ ಮೇಲೆ ಉಜ್ಜಿ ಉಜ್ಜಿ, ಎಲ್ಲಿತ್ತು ಅಂತ ಹುಡುಕಿದರೂ ಸಿಗದ ಹಾಗೆ ಮಾಡಿದಳು. ಅಪ್ಪ ಬಲಗಡೆ ಹೊಸ ತೂತು ಕೊರೆಯುವ ಮೊದಲು ನನ್ನನ್ನು ಕರೆದು, "ಓದವ್ವ, ಮುಂದೇನು ಬರದಾರೆ?" ಅಂದ.

ಆ ವರ್ಷ ದೀಪಾವಳಿ ಕಳೆದ ಮೇಲೆ ಬಾನೆಟ್ ಕೂರಿಸುವ ಪುಟ ಬಂತು. ಅದರಲ್ಲಿ ಬಾನೆಟ್ಟನ್ನು ಕಾರಿಗೆ 'ಆಫರ್' ಮಾಡಿರಿ ಅಂತಿತ್ತು. ಡಿಕ್ಷನರಿಯಲ್ಲಿ ಮೊದಲ ಅರ್ಥ 'ಅರ್ಪಿಸು'. ಸರಿಯಾಗಿ ಕೂರುತ್ತದೋ ಅಂತ ಇಟ್ಟು ನೋಡುವುದಕ್ಕೂ ಹಾಗೆನ್ನುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಹಾಗೇ ಬರೆದುಕೊಂಡು ಓದಿದೆ: "ಬಾನೆಟ್ಟನ್ನು ಕಾರಿಗೆ ಅರ್ಪಿಸಿರಿ."

ಅಪ್ಪ ಕಣ್ಣು ತೆರೆದ. "ಅರ್ಪಿಸಾದಾ?"

"ಹಂಗೇ ಐತಪ್ಪ."

"ಇಂಗ್ಲಿಷಿನೋರೂ ಪೂಜೆ ಮಾಡ್ತಾರೆ ಅಂದಂಗಾತು" ಅಂತ ಅವ್ವ ಒಳಗೆ ಹೋಗಿ ವಿಭೂತಿ, ಹೂವು, ಒಂದು ತೆಂಗಿನಕಾಯಿ ತಂದಳು. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಬೆಳಗಿದಳು. ಅಪ್ಪ ಕೈಮುಗಿದ. ಮುಂದೆ ಓದು ಅಂದರು. ನಾನು ಓದಿದೆ: "ಗುರುತು ಹಾಕಿಕೊಂಡು ತೆಗೆಯಿರಿ. ಅಂಚನ್ನು ಉಜ್ಜಿ ಮತ್ತೆ ಅರ್ಪಿಸಿರಿ. ಸರಿಯಾಗಿ ಕೂರುವವರೆಗೂ ಹೀಗೆಯೇ ಅರ್ಪಿಸುತ್ತಿರಬೇಕು."

ಅವ್ವ ಕಾಯಿಯ ಎರಡು ಹೋಳು ಕೈಯಲ್ಲಿ ಹಿಡಿದು ನಿಂತಿದ್ದಳು. "ಶಿವನೇ, ಅಷ್ಟು ತೆಂಗಿನಕಾಯಿ ಎಲ್ಲಿಂದ ತರ್ಲಿ?"

ಅತ್ತೆಗೆ ನಗು ಬಂತು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ತಡೆಯಲಾಗದೆ ಬೇವಿನ ಬುಡಕ್ಕೆ ಒರಗಿ ಜೋರಾಗಿ ನಕ್ಕಳು, ಅವಳನ್ನು ನೋಡಿ ನಾವೂ. ನಗುತ್ತಾ ನಗುತ್ತಾ ಅವಳ ದನಿ ಎಲ್ಲೋ ಒಂದು ಕಡೆ ತಿರುಗಿತು. ನಮ್ಮ ನಗು ನಿಂತಿತು, ಅವಳದು ಅಳುವಾಗಿತ್ತು. ಅವ್ವ ಹೋಳುಗಳನ್ನು ಬಾನೆಟ್ಟಿನ ಮೇಲಿಟ್ಟು ಹೋಗಿ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಅಳವ್ವ, ಅಳು" ಅಂದಳು. ಅಪ್ಪ ಬೆನ್ನು ತಿರುಗಿಸಿ, ಏನೂ ಇಲ್ಲದ ಕಡೆ ಪಾನಾ ಹುಡುಕುತ್ತಿದ್ದ. ಆ ಹೊತ್ತಿನ ಬಿಸಿಲು, ಊದುಬತ್ತಿಯ ಹೊಗೆ ಗಾಳಿಯಿಲ್ಲದೆ ನೆಟ್ಟಗೆ ಏರುತ್ತಿದ್ದುದು ಈಗಲೂ ಕಣ್ಣಮುಂದಿದೆ.

ಬಾಡಿ ಪೂರ್ತಿ ಕೂರಿಸುವ ಮೊದಲು ಎಂಜಿನ್ನಿನ ಓಟ ನೋಡಬೇಕು ಅಂತ ಅಪ್ಪ ಬರೀ ಚಾಸಿಯನ್ನು ನೀರು ಬತ್ತಿದ ಕೆರೆಯಂಗಳಕ್ಕೆ ಎತ್ತುಗಳಿಂದ ಎಳೆಸಿದ. ನಾಲ್ಕು ಗಾಲಿ, ಎಂಜಿನ್ನು, ಸ್ಟೀರಿಂಗು, ಕೂರುವುದಕ್ಕೆ ಹಗ್ಗದಿಂದ ಬಿಗಿದ ಒಂದು ಸ್ಟೂಲು, ಅಷ್ಟೇ. ಎರಡು ಸುತ್ತು ತಾನು ಓಡಿಸಿ ಇಳಿದ. "ನೀ ಹತ್ತು" ಅಂದ ತಂಗಿಗೆ.

"ನಂಗೆ ಬರಲ್ಲಣ್ಣ."

"ನಂಗೂ ಒಂದು ಕಾಲಕ್ಕೆ ಬರ್ತಿರಲಿಲ್ಲ. ಇಲ್ಲಿ ಗುದ್ದಾಕೆ ಏನೈತೆ ಹೇಳು, ನಾನೊಬ್ಬನೇ ಇರೋದು. ನಾನು ಆ ಕಡೆ ಹೋಗಿ ನಿಂತ್ಕೊಂತೀನಿ."

ಅತ್ತೆ ಸೀರೆಯ ನಿರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಮೊದಲ ದಿನ ಎಂಟು ಸಲ ಎಂಜಿನ್ನು ನಿಂತಿತು. ಐದನೆಯ ದಿನಕ್ಕೆ ಆ ಬಿರುಕು ಬಿಟ್ಟ ಕೆರೆಯಂಗಳದಲ್ಲಿ ದೊಡ್ಡ ದೊಡ್ಡ ಸುತ್ತು ಹಾಕತೊಡಗಿದಳು. ದೂರದಿಂದ ನೋಡಿದರೆ ಕಾರು ಕಾಣುತ್ತಿರಲಿಲ್ಲ. ಬಿಸಿಲುಗುದುರೆಯ ಮೇಲೆ ನೆಟ್ಟಗೆ ಕೂತ ಒಬ್ಬ ಹೆಂಗಸು, ಅವಳ ಹಿಂದೆ ಹಾರುವ ನೀಲಿ ಸೆರಗು, ಅಷ್ಟೇ ನೆಲದಿಂದ ಒಂದು ಮೊಳ ಮೇಲೆ ತೇಲಿಹೋಗುತ್ತಿತ್ತು.

ಬಣ್ಣ ಹಚ್ಚುವ ದಿನ ಬಂದಾಗ, ಬಸ್ಸುಗಳಿಗೆ ಬಣ್ಣ ಬಳಿಯುವವರೊಬ್ಬರನ್ನು ಅಪ್ಪ ದಾವಣಗೆರೆಯಿಂದ ಕರೆತಂದ. ಓಟದ ಕಾರು ಅಂದರೆ ಕೆಂಪೇ ಅಂತ ಅವರು ಕೆಂಪು ಡಬ್ಬಿಯನ್ನೇ ತಂದಿದ್ದರು. ಅತ್ತೆ ಒಳಗಿನಿಂದ ಒಂದು ಹಿಡಿ ಹೆಸರುಕಾಳು ತಂದು ಅವರ ಮುಂದೆ ಅಂಗೈ ಚಾಚಿದಳು. "ಇದು ಬೇಕು ನೋಡ್ರಿ. ಹೊಸ ಕಾಳಿನ ಬಣ್ಣ." ಅವರು ಅರ್ಧ ದಿನ ಹಸಿರು, ಹಳದಿ, ಚೂರು ಕಪ್ಪು ಬೆರೆಸಿ, ಕಾಳಿನ ಪಕ್ಕ ಹಿಡಿದು ನೋಡಿ, ಮತ್ತೆ ಬೆರೆಸಿದರು.

ಬೊಂಬಾಯಿಂದ ಬರುವ ದಾರಿಯಲ್ಲೇ ಒಡೆದಿದ್ದ ಮುಂದಿನ ಗಾಜಿನ ಬದಲು ಎರಡು ಚಪ್ಪಟೆ ಗಾಜು ಕೂರಿಸಿದ್ದೆವು. ಕಾರಿನ ಕಾಗದಪತ್ರಕ್ಕೆ ಆರ್‌ಟಿಓ ಆಫೀಸಿಗೆ ಹೋದಾಗ ಇನ್ಸ್‌ಪೆಕ್ಟರು ಕಾರನ್ನು ಮೂರು ಸುತ್ತು ಬಂದು, ಇದನ್ನು ಯಾವ ಕಂಪನಿ ಮಾಡಿದ್ದು ಅಂತ ಕೇಳಿದರು. ಅಪ್ಪ ತಡವರಿಸಿದ. "ಮನೇಲಿ ಮಾಡಿದ್ದು ಸಾರ್" ಅಂದಳು ಅತ್ತೆ, ಉಪ್ಪಿನಕಾಯಿ ಬಗ್ಗೆ ಹೇಳುವ ಹಾಗೆ. ಅವರು ಬ್ರೇಕು ನೋಡಿದರು, ದೀಪ ನೋಡಿದರು, ಹಾರನ್ ಬದಲಿಸಿಕೊಂಡು ಬನ್ನಿ ಅಂದರು. ಎರಡನೆಯ ಸಲ ಹೋದಾಗ ಹಳೆಯ ಕಾರಿನ ಪುಸ್ತಕದಲ್ಲೇ ಬಾಡಿ ಬದಲಾಗಿದೆ ಅಂತ ಬರೆದು ಸಹಿ ಹಾಕಿದರು.

ಹೊನ್ನಾಳಿಗೆ ಹೊರಟ ದಿನ ಅಪ್ಪ ಅವ್ವ ಬಸ್ಸಿನಲ್ಲಿ ಮುಂದೆ ಹೋದರು. ಸೀಟು ಎರಡೇ. ಅತ್ತೆಯ ಪಕ್ಕ ನಾನು ಕೂತೆ. ಬಿಳಿಚೋಡು ದಾಟುವಾಗ ಶೇಂಗಾ ಕೀಳುತ್ತಿದ್ದವರೆಲ್ಲ ಸಾಲಾಗಿ ಎದ್ದುನಿಂತು ನೋಡಿದರು, ಯಾರೂ ಕೂಗಲಿಲ್ಲ. ದಾವಣಗೆರೆ ದಾಟಿ ಚನ್ನಗಿರಿಯ ಕಡೆ ತಿರುಗಿದ ಮೇಲೆ ಗಾಳಿ ಬದಲಾಯಿತು, ಒದ್ದೆಯಾಯಿತು. ನೆಲಕ್ಕೆ ಅಷ್ಟು ಹತ್ತಿರ ಕೂತು ಹೋಗುವಾಗ ರಸ್ತೆ ನಮ್ಮ ಕೆಳಗೆ ಹಾಯುತ್ತಿದೆ ಅನಿಸದೆ, ಎರಡೂ ಬದಿಯ ಹುಣಸೆಮರಗಳು ತಾವೇ ಎದ್ದು ಹಿಂದಕ್ಕೆ ನಡೆಯುತ್ತಿವೆ ಅನಿಸುತ್ತಿತ್ತು. ನಾನು ನಿದ್ದೆ ಮಾಡಲಿಲ್ಲ, ಎಚ್ಚರವಾಗಿಯೂ ಇರಲಿಲ್ಲ.

ಸೂಳೆಕೆರೆಯ ಏರಿಯ ಮೇಲೆ ಎಂಜಿನ್ನಿನ ನೀರು ಕುದಿಯಿತು. ನಿಲ್ಲಿಸಿ ಇಳಿದೆವು. ನೀರು ಕಣ್ಣು ಹಾಯುವವರೆಗೂ ಹರಡಿತ್ತು, ಅದರ ಮೇಲೆ ಮೋಡದ ನೆರಳು ನಿಧಾನವಾಗಿ ಹೋಗುತ್ತಿತ್ತು. ನಾನು ಡಬ್ಬಿಯಲ್ಲಿ ಕೆರೆಯ ನೀರು ತಂದೆ. ಎಂಜಿನ್ನು ಆರಲಿ ಅಂತ ಇಬ್ಬರೂ ಏರಿಯ ಕಲ್ಲಿನ ಮೇಲೆ ಕೂತೆವು.

"ಮದುವ್ಯಾದ ಹೊಸದ್ರಾಗೆ ಬಸವಾಪಟ್ಟಣಕ್ಕೆ ನೆಂಟರ ಮನೀಗೆ ಹೋಗಿದ್ವಿ" ಅಂದಳು ಅತ್ತೆ. "ವಾಪಸ್ ಬರಾಕೆ ಬಸ್ ಸಿಗ್ಲಿಲ್ಲ. ಒಂದು ಲಾರೀಲಿ ಹಿಂದೆ ನಿಂತ್ಕಂಡು ಬಂದ್ವಿ. ಸೂರಿಲ್ಲ ಏನಿಲ್ಲ, ಗಾಳಿಗೆ ನನ್ನ ತಲೆಗೂದ್ಲೆಲ್ಲ ಬಿಚ್ಚಿ ಹೋತು. ನಾನು ಹಿಂಗೇ ಹೋಗ್ತಾನೇ ಇರಾನ ಅಂತ ಅಂದಿದ್ದೆ. ಅವರು ತಲೆಯಾಡಿಸಿದ್ರು ಅಷ್ಟೇ. ನಾನು ಮರ್ತೇ ಬಿಟ್ಟಿದ್ದೆ."

ಅವಳು ಎದ್ದು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, "ನಡಿ, ಆರೈತೆ" ಅಂದಳು.

ಹೊನ್ನಾಳಿಗೆ ಹೋದ ಮೇಲೆ ಅವಳು ಪ್ರೆಸ್ಸಿನ ಬೀಗ ತೆಗೆಸಿದಳು. ಅಚ್ಚಿನ ಮೊಳೆ ಜೋಡಿಸುವವರನ್ನು ಮತ್ತೆ ಕರೆಸಿ, ತಾನೂ ಪಕ್ಕದಲ್ಲಿ ನಿಂತು ಕಲಿತಳು. ನ್ಯಾಮತಿ, ಬಸವಾಪಟ್ಟಣದ ಕಡೆಯ ಲಗ್ನಪತ್ರಿಕೆಗಳನ್ನು ತಾನೇ ಕಾರಿನಲ್ಲಿ ಒಯ್ದು ಕೊಡುತ್ತಿದ್ದಳು, ಪಕ್ಕದ ಸೀಟಿನಲ್ಲಿ ಕಟ್ಟುಗಳನ್ನು ಹಗ್ಗದಿಂದ ಬಿಗಿದು. ಆ ಕಾರಿನಲ್ಲಿ ಪತ್ರಿಕೆ ಬಂದರೆ ಮದುವೆ ಸಾಂಗವಾಗುತ್ತದೆ ಅಂತ ಜನ ತಮಾಷೆಗೆ ಹೇಳುತ್ತಿದ್ದರು, ಆಮೇಲಾಮೇಲೆ ನಿಜವಾಗಿಯೂ ಹೇಳತೊಡಗಿದರು. ಹತ್ತು ವರ್ಷದ ಹತ್ತಿರ ಓಡಿಸಿದಳು. ಫೈಬರಿಗೆ ಏನೂ ಆಗಲಿಲ್ಲ, ಅದರ ಕೆಳಗಿನ ಹಳೆಯ ಚಾಸಿ ತುಕ್ಕು ತಿಂದು ಸಣ್ಣಗಾಗುತ್ತಾ ಬಂದು, ಎಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಪ್ರೆಸ್ಸಿನ ಮುಂದೆಯೇ ಬಗ್ಗಿತು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಅದು ಮಾಡಬೇಕಾದ್ದು ಮಾಡ್ತು" ಅಂದು, ಮಾರನೇ ವಾರ ಒಂದು ಸೆಕೆಂಡ್ ಹ್ಯಾಂಡ್ ವ್ಯಾನು ತಂದಳು.

ಕಾರು ಹೊನ್ನಾಳಿಗೆ ಹೋದ ಮೇಲೆ ಅಪ್ಪ ಅದರಲ್ಲಿ ಕೂತದ್ದು ಒಂದೇ ಸಲ. ನನಗೆ ನ್ಯಾಮತಿಯ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕ ವರ್ಷ, ನನ್ನನ್ನು ನೋಡಲು ಬಂದಿದ್ದ ಅಪ್ಪನನ್ನು ಅತ್ತೆ ಹೊನ್ನಾಳಿಗೆ ಕರೆದುಕೊಂಡು ಹೋಗಲು ಬಂದಳು. ಮಳೆ ನಿಂತ ಸಂಜೆ, ಗದ್ದೆಗಳಲ್ಲಿ ನೀರು ನಿಂತು ಆಕಾಶವೆಲ್ಲ ಕೆಳಗೆ ಬಿದ್ದಿತ್ತು. ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಕೂತ. ಅತ್ತೆ ಹೊರಡಿಸಿದಳು. ಆಮೇಲೆ ಅವಳು ನನಗೆ ಹೇಳಿದ್ದು: ಅಪ್ಪ ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ಕೇಳುತ್ತಿದ್ದಾನೆ ಅಂದುಕೊಂಡಿದ್ದಳಂತೆ, ಏನಾದರೂ ದೋಷ ಹೇಳುತ್ತಾನೆ ಅಂತ ಕಾದಿದ್ದಳಂತೆ. ಹೊನ್ನಾಳಿ ಕಾಣಿಸಿದಾಗ ಅವನು ಅವಳ ಮೊಣಕೈ ಮುಟ್ಟಿ, "ಇನ್ನೊಂದು ಚೂರು ನಿಧಾನ ಹೋಗ್ತೀಯೇನವ್ವ? ಊರು ಇಷ್ಟು ಬ್ಯಾಗ ಬರ್ಬಾರ್ದಿತ್ತು" ಅಂದನಂತೆ.